ರೇವತಿ ಮುಗಿಯಲು ಹದಿನೇಳು ನಿಮಿಷ

೨೦೨೪ರ ಡಿಸೆಂಬರ್ ೧೨, ಗುರುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಸುಮಲತಾ ತನ್ನ ತಂದೆಯ ಎದೆಯ ಸುತ್ತ ಕಟ್ಟಿದ್ದ ಪಂಚೆಯ ಗಂಟನ್ನು ಬಿಚ್ಚುತ್ತಿದ್ದಳು. ನಿನ್ನೆ ಮಧ್ಯಾಹ್ನ ಮೈ ಇನ್ನೂ ಮೆತ್ತಗಿರುವಾಗಲೇ ಗುರುಪಾದಪ್ಪನನ್ನು ಕಾಲು ಮಡಿಸಿ ಕೂರಿಸಿ, ಗೋಡೆಯ ಗೂಟಕ್ಕೆ ಆನಿಸಿ ಕಟ್ಟಿದ್ದರು. ಈಗ ಆ ಕಟ್ಟು ಬೇಕಿರಲಿಲ್ಲ. ಇಪ್ಪತ್ತು ತಾಸಿನಲ್ಲಿ ದೇಹ ಸೆಟೆದು, ಆಧಾರವಿಲ್ಲದೆ ತಾನೇ ಕೂತಿತ್ತು.

“ಸಾವಕಾಶ ಬಿಚ್ಚವಾ. ಹಂಗ ಎಳದ್ರ ದಾರ ಸವೀತೈತಿ ಅಂತ ನಿಮ್ಮಪ್ಪ ಇದ್ದಿದ್ರ ಇಷ್ಟೊತ್ತಿಗೆ ಬೈದಿರತಿದ್ರು,” ಎಂದಳು ಖಾತುನ. ಅದೇ ಸಾಲುಮನೆಯ ಪಕ್ಕದ ಭಾಗದಲ್ಲಿ ಬಾಡಿಗೆಗಿದ್ದವಳು. ಹುಬ್ಬಳ್ಳಿ ಕಡೆಯವಳು, ಗೋವಾದ ಈ ಕುಡಚಡೆಯ ರೈಲು ನಿಲ್ದಾಣದ ಎದುರು ಬಳೆ ಮಾರುತ್ತಿದ್ದಳು. ರಾತ್ರಿಯಿಂದ ಎದ್ದು ಹೋಗಿರಲಿಲ್ಲ.

ಸುಮಲತಾಗೆ ಬಂದ ನಗು ಅರ್ಧಕ್ಕೆ ನಿಂತಿತು. ಅಂಗಳದಲ್ಲಿ ಮೋಟಾರ್‌ಸೈಕಲ್ ನಿಂತ ಸದ್ದಾಯಿತು.

ಬಂದವನು ಮನೆಯ ಮಾಲೀಕ ಶಾಂಬಾ ಗಾಂವಕರ. ಕೈಯಲ್ಲಿ ಚೆಂಡುಹೂವಿನ ಹಾರ, ಹಿಂದೆ ಮೊಬೈಲ್ ಹಿಡಿದ, ಅವನ ಕೆಲಸಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್. ಶಾಂಬಾ ಇದೇ ಅಂಗಳದಲ್ಲಿ ಬಾಡಿಗೆದಾರರ ಮಕ್ಕಳೊಂದಿಗೆ ಲಗೋರಿ ಆಡಿ ಬೆಳೆದವನು. ಅವನ ಕನ್ನಡಕ್ಕೆ ಕೊಂಕಣಿಯ ರಾಗವಿತ್ತು, ತಡವರಿಕೆ ಇರಲಿಲ್ಲ. ಹಾರ ಹಾಕಿ, ಕೈಮುಗಿದು, ಸ್ವಲ್ಪ ಹೊತ್ತು ನಿಂತ.

“ವಾಯ್ಟ್ ಜಾಲೆಂ ಬಾಯ್, ಭಾಳ ಕೆಟ್ಟದಾಯಿತು,” ಎಂದ. “ನಮ್ಮ ಪಪ್ಪಾ ಹೋದಾಗ ಎಲ್ಲರಿಗಿಂತ ಮೊದಲು ಬಂದವರು ಇವರೇ.”

“ಹೌದ್ರಿ.”

“ಎಷ್ಟು ಗಂಟೆಗೆ ಹೋದರು?”

ನಿನ್ನೆಯಿಂದ ಎಲ್ಲರೂ ಕೇಳಿದ ಪ್ರಶ್ನೆಯೇ. ಆದರೆ ಶಾಂಬಾ ಕೇಳುವಾಗ ಫೋನಿನ ಪರದೆಯನ್ನು ಒರೆಸಿಕೊಳ್ಳುತ್ತಿದ್ದ. ಸುಮಲತಾ, “ಮಧ್ಯಾಹ್ನ,” ಎಂದಷ್ಟೇ ಹೇಳಿದಳು.

“ಮಧ್ಯಾಹ್ನ ಅಂದರೆ? ನಾನು ಹೇಳಬಾರದು ಅಂತಿದ್ದೆ. ನಿನ್ನೆ ಪಂಚಕ ಇತ್ತು. ರೇವತಿ ನಕ್ಷತ್ರ, ಹನ್ನೊಂದು ನಲವತ್ತೆಂಟರ ತನಕ. ನೋಡು, ಇಲ್ಲೇ ಪಂಚಾಂಗ ಇದೆ. ಅದರೊಳಗೆ ಜೀವ ಹೋದರೆ ಮನೆ ಬಿಟ್ಟು ಬಾಗಿಲು ಮುಚ್ಚಬೇಕು. ನಿಮ್ಮ ಕಡೆಗೂ ಹಾಗೇ ಅಲ್ಲವಾ? ಇಲ್ಲದಿದ್ದರೆ ಅದೇ ಮನೆತನದಲ್ಲಿ ಇನ್ನಷ್ಟು ಸಾವು ಎಳೀತದೆ ಅಂತಾರೆ.”

“ಎಳ್ಯಾಕ ಅದೇನ ಹಗ್ಗನ?” ಎಂದಳು ಖಾತುನ.

“ನಾನು ಯಾಕೆ ಸುಳ್ಳು ಹೇಳಲಿ, ಖಾತುನಬಿ? ಇವಳ ತಮ್ಮ ಸೋಮನಾಥನ ಹೆಂಡತಿ ಬಸುರಿ ಅಂತ ಕೇಳಿದೆ. ಅದಕ್ಕೆ ಹೇಳಿದ್ದು.”

ಸುಮಲತಾ ಅವನ ಹಿಂದೆ ನೋಡಿದಳು. ಸೂಪರ್‌ವೈಸರ್‌ನ ಮೊಬೈಲ್ ಹೆಣದ ಕಡೆಗಿರಲಿಲ್ಲ. ಅದು ಮೊದಲು ಛಾವಣಿಯ ಹೆಂಚು, ಆಮೇಲೆ ಗೋಡೆ, ಆಮೇಲೆ ಮುಂದಿನ ಕೋಣೆಯಲ್ಲಿ ದುರಸ್ತಿಗೆ ಬಂದಿದ್ದ ತಕ್ಕಡಿಗಳ ರಾಶಿ, ಹೀಗೆ ನಿಧಾನವಾಗಿ ತಿರುಗುತ್ತಿತ್ತು.

*

ನಿನ್ನೆ ಬುಧವಾರ. ಗುರುಪಾದಪ್ಪ ಹಾಸಿಗೆ ಹಿಡಿದು ಮೂರು ವಾರವಾಗಿತ್ತು. ಕಾಲು ಊದಿಕೊಂಡಿದ್ದವು, ಮಲಗಿದರೆ ಉಸಿರು ಸಾಲುತ್ತಿರಲಿಲ್ಲ. ಎರಡು ದಿಂಬಿಗೆ ಒರಗಿ ಕೂತೇ ಇರುತ್ತಿದ್ದ. ಸುಮಲತಾ ಮುಂದಿನ ಕೋಣೆಯಲ್ಲಿ ಮೀನು ಮಾರುವವಳೊಬ್ಬಳ ಸ್ಪ್ರಿಂಗ್ ತಕ್ಕಡಿ ಬಿಚ್ಚಿಟ್ಟುಕೊಂಡಿದ್ದಳು. ಉಪ್ಪುನೀರಿಗೆ ಸ್ಪ್ರಿಂಗ್ ತುಕ್ಕು ಹಿಡಿದು, ಏನೂ ತೂಗದಿದ್ದರೂ ಮುಳ್ಳು ನೂರು ಗ್ರಾಂ ತೋರಿಸುತ್ತಿತ್ತು.

“ಸುಮಾ, ಮುಳ್ಳ ಸೊನ್ನಿಗೆ ಬಂತೇನ?” ಒಳಗಿನಿಂದ ಕೇಳಿದ.

“ಬರಾಕತ್ತೈತಿ ಅಪ್ಪಾ.”

“ಬಡೀಬ್ಯಾಡ. ಹಿಡದು ಕೂಡು.”

ಅಷ್ಟೇ. ಸ್ವಲ್ಪ ಹೊತ್ತಿಗೆ ಒಳಗಿನ ಏದುಸಿರು ಕೇಳಿಸುತ್ತಿಲ್ಲವೆಂದು ಅವಳಿಗೆ ಅನಿಸಿತು. ಎದ್ದು ಹೋಗಿ ಮೂಗಿನ ಹತ್ತಿರ ಕೈ ಹಿಡಿದಳು, ಕತ್ತಿನ ಪಕ್ಕ ಎರಡು ಬೆರಳಿಟ್ಟು ಕಾದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು. ಅದು ಆ ಮನೆಯ ಅಭ್ಯಾಸ. ಹಾಲು ಉಕ್ಕಿದರೂ ಅಲ್ಲಿ ಯಾರಾದರೂ ಗಡಿಯಾರ ನೋಡುತ್ತಿದ್ದರು. ಹನ್ನೊಂದು ಮೂವತ್ತೊಂದು. ಆ ಗಡಿಯಾರವನ್ನು ಗುರುಪಾದಪ್ಪ ಪ್ರತಿ ಭಾನುವಾರ ರೇಡಿಯೋ ಸಮಯಕ್ಕೆ ಹೊಂದಿಸುತ್ತಿದ್ದ. ಹಾಸಿಗೆ ಹಿಡಿದ ಮೇಲೂ ಅವಳ ಕೈಯಿಂದ ಮಾಡಿಸಿದ್ದ.

ಡಾಕ್ಟರು ಬಂದು ನೋಡಿದ್ದು ಹನ್ನೆರಡು ಇಪ್ಪತ್ತಕ್ಕೆ. ತಾವು ಪರೀಕ್ಷಿಸಿದ ಹೊತ್ತನ್ನೇ ಚೀಟಿಯಲ್ಲಿ ಬರೆದರು. ಆಗ ಅದರಿಂದ ಏನಾದರೂ ವ್ಯತ್ಯಾಸವಾದೀತೆಂದು ಅವಳಿಗೆ ಹೊಳೆದಿರಲಿಲ್ಲ.

*

ತಮ್ಮ ಸೋಮನಾಥ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಕುಂಕಳ್ಳಿಯಿಂದ ಬಂದ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಿನ್ನೆ ಸಂಜೆ ಬಂದು, ಹೆಣವನ್ನು ಊರಿಗೆ ಒಯ್ಯಲು ಗಾಡಿ ಗೊತ್ತುಮಾಡಿ, ಹೆಂಡತಿಯನ್ನು ಕರೆತರಲು ಹಿಂತಿರುಗಿದ್ದ. ಮೊಲೆಂ ದಾಟಿ, ಘಟ್ಟ ಹತ್ತಿ, ಬೈಲಹೊಂಗಲದ ಹತ್ತಿರದ ಊರು ಮುಟ್ಟಲು ಐದು ತಾಸು. ಹೊತ್ತು ಮುಳುಗುವ ಮುನ್ನ ಮಣ್ಣಾಗಬೇಕೆಂದರೆ ಹನ್ನೆರಡರೊಳಗೆ ಹೊರಡಲೇಬೇಕು. ಅವನ ಜೊತೆಗೆ ಕ್ರಿಯೆ ಮಾಡಿಸುವ ಅಯ್ಯನವರು, ಶಂಕರಲಿಂಗಯ್ಯನವರೂ ಇದ್ದರು. ಅವರಿಗೆ ಪಕ್ಕದ ಪೇಟೆಯಲ್ಲಿ ವಿಭೂತಿ-ಕರ್ಪೂರದ ಸಣ್ಣ ಅಂಗಡಿ.

ಸೋಮನಾಥನ ಹೆಂಡತಿ ಪೂಜಾ ಮಾತ್ರ ಒಳಗೆ ಬರಲಿಲ್ಲ. ಅಂಗಳದ ಆಚೆ ಹಲಸಿನ ಮರದ ಕೆಳಗೆ ನಿಂತಳು. ಏಳು ತಿಂಗಳು. ಮೊದಲಿನ ಎರಡು ನಿಂತಿರಲಿಲ್ಲ.

“ಒಳಗ ಬಾರವಾ, ಹೊರಗ ನಿಂತೀಯಲ್ಲ,” ಎಂದು ಖಾತುನ ಕರೆದಳು.

“ಶಾಂಬಾ ಅಣ್ಣ ಫೋನ್ ಮಾಡಿದ್ರು. ಕೆಟ್ಟ ನಕ್ಷತ್ರ ಅಂತ...” ಪೂಜಾ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಶಾಂಬಾ ತುಸು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇಡಿಸುತ್ತಿದ್ದ. ಕುರ್ಚಿ ಅವನೇ ತರಿಸಿದ್ದು.

ಕಿರಾಣಿ ವ್ಯಾಪಾರಿ ಅಪ್ಪಾಸಾಬ ಮೊದಲ ಕುರ್ಚಿಯಲ್ಲಿ ಕೂತ. ಬೆಳಗಾವಿಯವನು, ಮೂವತ್ತು ವರ್ಷ ತನ್ನ ಅಂಗಡಿಯ ತಕ್ಕಡಿಯನ್ನು ಗುರುಪಾದಪ್ಪನ ಕೈಗೇ ಕೊಟ್ಟವನು. “ಇವನಿಗೆ ಪ್ಯಾಟ್ಯಾಗ ಏನಂತಿದ್ವಿ ಗೊತ್ತೇನ್ರಿ? ಗುಂಜಿ ಗುರುಪಾದ. ಒಂದು ಗುಂಜಿ ಹೆಚ್ಚುಕಡಿಮಿ ಆದ್ರ ಎರಡ ದಿನ ತಕ್ಕಡಿ ಕೊಡತಿರಲಿಲ್ಲ. ಗಿರಾಕಿ ಬಾಗಲದಾಗ ನಿಂತು ಬಾಯಿ ಮಾಡಿದ್ರ, ಹಂಗಾದ್ರ ಕೈಲೇ ತೂಗರಿ ಅಂತಿದ್ದ.” ನಂತರ ಅಯ್ಯನವರ ಕಡೆ ತಿರುಗಿದ. “ಅಯ್ನೋರ, ಕೊರಳಾಗ ಲಿಂಗ ಕಟ್ಟಿದವರಿಗೆ ನಕ್ಷತ್ರದ ಅಂಜಿಕಿ ಯಾವಾಗಿಂದ ಸುರುವಾತ್ರಿ?”

“ನನಗೇನೂ ಅಂಜಿಕಿ ಇಲ್ರಿ ಅಪ್ಪಾಸಾಬ್ರ. ಆ ಶಾಸ್ತ್ರ ನಮ್ಮದಲ್ಲ,” ಶಂಕರಲಿಂಗಯ್ಯ ದನಿ ತಗ್ಗಿಸಿದರು. “ಖರೇ, ಕೇಳಾಕತ್ತಾಕಿ ಎರಡ ಸಲ ಹೊಟ್ಟಿ ಕಳಕೊಂಡಾಕಿ. ಆಕಿಗೆ ನಾ ವಚನಾ ಹೇಳಿ ಕಳಸ್ಲ್ಯಾ?”

ಸುಮಲತಾ ಮರದ ಕೆಳಗೆ ಹೋಗಿ ಪೂಜಾಳ ಕೈಗೆ ನೀರಿನ ಲೋಟ ಕೊಟ್ಟಳು.

“ಅಕ್ಕಾ, ಹತ್ತರ ನೀವೊಬ್ರ ಇದ್ರಿ,” ಪೂಜಾ ಕುಡಿಯದೆ ಕೇಳಿದಳು. “ಚೀಟಿಯೊಳಗ ಹನ್ನೆರಡು ಇಪ್ಪತ್ತು ಅಂತ ಐತಿ ಅಂದ್ರು ಇವರು. ಅದು ಡಾಕ್ಟರ್ ಬಂದ ಹೊತ್ತು. ಜೀವ ಹೋದಾಗ ಎಷ್ಟಾಗಿತ್ತು?”

ಹನ್ನೆರಡು ಎಂದರೆ ಸಾಕಿತ್ತು. ಅದನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ. ಡಾಕ್ಟರ ಚೀಟಿಯೂ ಅವಳ ಪರವಾಗಿತ್ತು. ಸುಮಲತಾ ಪೂಜಾಳ ಮುಖ ನೋಡಿದಳು. ಮೇಲ್ತುಟಿಯ ಮೇಲೆ ಬೆವರಿತ್ತು. ನಾಳೆ ಏನಾದರೂ ಆದರೆ ಈ ಹುಡುಗಿ ಯಾರನ್ನೂ ಬೈಯುವುದಿಲ್ಲ, ಮತ್ತೆ ತನ್ನನ್ನೇ ಬೈದುಕೊಳ್ಳುತ್ತಾಳೆ. ಆಗ ರೇವತಿ ಮುಗಿಯಲು ಉಳಿದಿದ್ದ ಆ ಹದಿನೇಳು ನಿಮಿಷ ತನ್ನೊಬ್ಬಳಿಗೇ ಗೊತ್ತಿರುತ್ತದೆ.

“ಹನ್ನೊಂದು ಮೂವತ್ತೊಂದು,” ಎಂದಳು.

ಪೂಜಾ ಲೋಟವನ್ನು ಕೆಳಗಿಟ್ಟಳು. ಆ ಮಾತು ಕುರ್ಚಿಯಿಂದ ಕುರ್ಚಿಗೆ ಹೋಯಿತು. ಶಂಕರಲಿಂಗಯ್ಯ ಬೆರಳೆಣಿಸಿ, ಒಲ್ಲದ ಮನಸ್ಸಿನಿಂದ, “ಆರು ತಿಂಗಳ ಮನಿ ಬಿಡಬೇಕಂತಾರಪಾ,” ಎಂದರು.

“ಆರು ತಿಂಗಳು ಏನು ಮಹಾ?” ಶಾಂಬಾ ಎದ್ದು ಬಂದ. “ನಾನಿಲ್ಲವಾ? ಕುಂಕಳ್ಳಿಯಲ್ಲಿ ನನ್ನ ಗೆಳೆಯನ ಖೋಲಿ ಖಾಲಿ ಇದೆ. ಸಾಮಾನು ಸಾಗಿಸಲಿಕ್ಕೆ ನನ್ನದೇ ಟೆಂಪೋ. ಇವತ್ತೇ ಬೀಗ ಹಾಕಿ ಹೊರಡಿ. ಜೂನ್‌ನಲ್ಲಿ ವಾಪಸ್ ಬನ್ನಿ, ಬೇಡ ಅಂತೀನಾ?”

ಸಾಲುಮನೆಯ ಮೂರನೆಯ ಭಾಗ ಎಲ್ಲರಿಗೂ ಕಾಣುತ್ತಿತ್ತು. ಕಡಲತೀರದಲ್ಲಿ ಕಸೂತಿ ಚೀಲ ಮಾರುತ್ತಿದ್ದ ಲಾಲಿಬಾಯಿ ಅಲ್ಲಿ ಹದಿನೆಂಟು ವರ್ಷ ಇದ್ದಳು. ಹೋದ ಮೇ ತಿಂಗಳಲ್ಲಿ ತಂಗಿಯ ಮದುವೆಗೆಂದು ಹತ್ತು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ದುರಸ್ತಿಯೆಂದು ಹೆಂಚು ಇಳಿಸಿದ್ದರು. ಮಳೆಗಾಲ ಹಿಡಿಯಿತು. ಈಗ ಅಲ್ಲಿ ಸೊಂಟದೆತ್ತರ ಹುಲ್ಲು.

*

ಗುರುಪಾದಪ್ಪ ಗಣಿ ಲಾರಿಗಳನ್ನು ತೂಗುವ ಕಾಟಾದ ಕೆಲಸಕ್ಕೆ ಬಂದದ್ದು ೧೯೮೧ರಲ್ಲಿ. ಶಾಂಬಾನ ತಂದೆ ದತ್ತಾರಾಮ ಗಾಂವಕರರ ಕೊಬ್ಬರಿ ಅಂಗಡಿಯ ತಕ್ಕಡಿ ಐದು ಕಿಲೋಗೆ ನಲವತ್ತು ಗ್ರಾಂ ತಪ್ಪು ತೋರಿಸುತ್ತದೆಂದು, ಯಾರೂ ಕೇಳದಿದ್ದರೂ ಹೇಳಿ, ಕೂತು ಸರಿಮಾಡಿ ಕೊಟ್ಟಿದ್ದ. ದತ್ತಾರಾಮರು ಅದೇ ವಾರ ಈ ಎರಡು ಕೋಣೆಯ ಭಾಗವನ್ನು ಬಾಡಿಗೆಗೆ ಕೊಟ್ಟರು. ಮುಂದೆ ಅವರೇ ಒಮ್ಮೆ ಕರಾರುಪತ್ರ ಮಾಡೋಣವೆಂದಾಗ ಗುರುಪಾದಪ್ಪ ಬೇಡವೆಂದಿದ್ದ. “ನಿಮ್ಮ ಬಾಯಿ, ನನ್ನ ಬಾಯಿ ಗಟ್ಟಿ ಇರೂಮುಂದ ಕಾಗದ ಯಾಕ್ರಿ?” ಗುಂಜಿ ತೂಕಕ್ಕೆ ದಿನವಿಡೀ ಕೂರುತ್ತಿದ್ದ ಮನುಷ್ಯ ಮನೆಯನ್ನು ಮಾತಿನ ಮೇಲೆ ಹಿಡಿದಿದ್ದ.

ದತ್ತಾರಾಮರು ತೀರಿಕೊಂಡ ಎರಡು ವರ್ಷಕ್ಕೆ ಶಾಂಬಾನ ನೋಟಿಸ್ ಬಂತು. ಈ ಭಾಗದಲ್ಲಿ ಯಾರೂ ವಾಸವಿಲ್ಲ, ಹಳೆಯ ತಕ್ಕಡಿಗಳನ್ನು ರಾಶಿ ಹಾಕಲು ಮಾತ್ರ ಬಳಸುತ್ತಾರೆ, ಆದ್ದರಿಂದ ಬಾಡಿಗೆ ಕರಾರು ಕೊನೆಗೊಂಡಿದೆ, ಮೂವತ್ತು ದಿನದಲ್ಲಿ ಬಿಡಬೇಕು. ಗುರುಪಾದಪ್ಪ ಅದನ್ನು ಎರಡು ಸಲ ಓದಿಸಿಕೊಂಡ. “ಯಾರೂ ಇಲ್ಲಂತ ಬರದಾನ. ಮುಂಜಾನೆ ನನ್ನ ಕೂಡ ಚಾ ಕುಡದು ಹೋದ,” ಎಂದ.

ಕೇಪೆಂನ ವಕೀಲೆಯೊಬ್ಬರು ಉತ್ತರ ಬರೆದುಕೊಟ್ಟರು. ಲೈಟ್ ಬಿಲ್ಲು, ರೇಷನ್ ಕಾರ್ಡು, ಸುಮಲತಾಳ ಶಾಲೆಯ ದಾಖಲೆ ಎಲ್ಲವೂ ಇದೇ ವಿಳಾಸಕ್ಕಿದ್ದವು. ಮಾತಿನ ಕರಾರೂ ಕರಾರೇ, ಸುಮ್ಮನೆ ನೋಟಿಸ್ ಕೊಟ್ಟು ಎಬ್ಬಿಸಲಾಗುವುದಿಲ್ಲ, ಬಾಡಿಗೆ ಪ್ರಾಧಿಕಾರದ ಮುಂದೆ ಕಾರಣ ತೋರಿಸಬೇಕು ಎಂದಿದ್ದರು. ಮುಂದಿನ ವಿಚಾರಣೆ ಜನವರಿ ಒಂಬತ್ತಕ್ಕಿತ್ತು. ಹೋದ ತಿಂಗಳು ಅಪ್ಪ ಹಾಸಿಗೆ ಹಿಡಿದಾಗ ಸುಮಲತಾ ಒಬ್ಬಳೇ ಹೋಗಿ, ಕೇಳಬಾರದ್ದನ್ನು ಕೇಳಿ ಬಂದಿದ್ದಳು: ಅವರ ನಂತರ ಏನು?

ಕೊನೆಯವರೆಗೆ ಜೊತೆಗಿದ್ದ, ಮದುವೆಯಾಗದ ಮಗಳಿಗೆ ಬಾಡಿಗೆದಾರಳ ಹಕ್ಕು ಬರುತ್ತದೆ ಎಂದಿದ್ದರು ವಕೀಲೆ. ಆದರೆ ಎರಡು ವಿಷಯ ನೆನಪಿರಲಿ. ಮನೆಯಲ್ಲಿ ವಾಸ ತಪ್ಪಬಾರದು. ಸರಿಯಾದ ಕಾರಣವಿಲ್ಲದೆ ಸತತ ನಾಲ್ಕು ತಿಂಗಳು ಮುಚ್ಚಿದರೆ ಮನೆ ಬಿಡಿಸಲು ಶಾಂಬಾನಿಗೆ ಅದೇ ಆಧಾರವಾಗುತ್ತದೆ. ಮತ್ತೆ, ಕಟ್ಟಡಕ್ಕೆ ಪೆಟ್ಟಾಗಬಾರದು. ಅದೂ ಆಧಾರವೇ.

*

ಹತ್ತೂಕಾಲು ಗಂಟೆಯ ಹೊತ್ತಿಗೆ ಶಂಕರಲಿಂಗಯ್ಯನವರಿಗೆ ಇನ್ನೊಂದು ದಾರಿ ನೆನಪಾಯಿತು.

“ನಮ್ಮ ಹಳ್ಳ್ಯಾಗ ಒಂದ ಪದ್ಧತಿ ಐತ್ರಿ. ಇಂಥಾ ಹೆಣಾ ಬಾಗಲಲೆ ಹೋಗಬಾರದು. ಹಿಂದಿನ ಗ್ವಾಡಿ ಒಡದು, ಅಲ್ಲಿಂದ ಹೊರಗ ತಗದು, ಮತ್ತ ಗ್ವಾಡಿ ಮುಚ್ಚಿಬಿಡತಾರ. ಸಾವಿಗೆ ತಿರುಗಿ ಬರೂ ದಾರಿ ಸಿಗೂದಿಲ್ಲ. ಆವಾಗ ಮನಿ ಬಿಡೂ ಕಾರಣ ಇಲ್ಲ.”

ಎಲ್ಲರ ಮುಖ ಸಡಿಲಾಯಿತು. ಪೂಜಾ ಮರದ ಕೆಳಗಿನಿಂದ ಎರಡು ಹೆಜ್ಜೆ ಮುಂದೆ ಬಂದಳು. ಸೋಮನಾಥ ಆಗಲೇ ಖಾತುನಳನ್ನು ಹಾರೆ ಕೇಳುತ್ತಿದ್ದ.

“ಒಡೀರಿ, ಒಡೀರಿ,” ಎಂದ ಶಾಂಬಾ. “ಧರ್ಮದ ಕೆಲಸ. ನನ್ನದೇನೂ ಅಡ್ಡಿಯಿಲ್ಲ.”

ಸುಮಲತಾ ಸೂಪರ್‌ವೈಸರ್‌ನ ಕಡೆ ನೋಡಿದಳು. ಅವನು ಹಿತ್ತಲಿನತ್ತ ನಡೆದು, ಬೆಳಕು ಬೆನ್ನಿಗೆ ಬರುವಂತೆ ನಿಂತುಕೊಂಡಿದ್ದ.

“ಅಡ್ಡಿ ಇಲ್ಲಂತ ಬರದು ಕೊಡ್ತೀರೇನ್ರಿ?” ಎಂದಳು. “ಎರಡ ಸಾಲು ಸಾಕು. ಗ್ವಾಡಿ ಒಡ್ಯಾಕ ನನ್ನ ಒಪ್ಪಿಗಿ ಐತಿ ಅಂತ. ಕೆಳಗ ನಿಮ್ಮ ಸಹಿ.”

ಶಾಂಬಾ ನಕ್ಕ. “ಬಾಯ್, ನಿಮ್ಮ ಅಪ್ಪ ನಮ್ಮ ಪಪ್ಪಾನ ಹತ್ತಿರ ಎಂದಾದರೂ ಬರೆಸಿಕೊಂಡರಾ? ಹೆಣ ಮನೆಯಲ್ಲಿರುವಾಗ ಕಾಗದ ಕೇಳ್ತೀಯಲ್ಲ.”

ಜನರೆದುರು ಅದು ತಾಗುವಂತೆಯೇ ತಾಗಿತು. ಸೋಮನಾಥ ಹಾರೆ ಹಿಡಿದು ಒಳಗೆ ಹೊರಟಿದ್ದ. ಅವಳು ಬಾಗಿಲಿಗೆ ಅಡ್ಡ ನಿಂತಳು.

“ಬಾಜೂಕ ಸರಿ ಅಕ್ಕಾ. ಹೊತ್ತಾಗಾಕತ್ತೈತಿ.”

“ಗ್ವಾಡಿ ಮುಟ್ಟಬ್ಯಾಡ ಸೋಮು.”

“ಅಪ್ಪಗಿಂತ ನಿನಗ ಗ್ವಾಡಿ ಹೆಚ್ಚಾತೇನ?”

“ಗ್ವಾಡಿ ಅಲ್ಲೋ. ಅದನ್ನ ಫೋಟೋ ಹೊಡದು ಜನವರಿಯಾಗ ಅಲ್ಲಿ ಇಡತಾನ. ಆಮ್ಯಾಲೆ ನಾ ಎಲ್ಲಿ ಮಲಗಲಿ?”

“ನಮ್ಮನ್ಯಾಗ.”

“ನಿಮ್ದೊಂದ ಖೋಲಿ. ಅದರಾಗ ಆಕಿ ಬಾಣಂತನ. ಈ ತಕ್ಕಡಿ ಎಲ್ಲೆ ಇಡ್ಲಿ? ನಾ ಏನ್ ತಿನ್ಲಿ?”

ಸೋಮನಾಥ ಹಾರೆಯನ್ನು ನೆಲಕ್ಕೆ ಊರಿದ. ಅವನ ಕಣ್ಣು ಕೆಂಪಾಗಿದ್ದವು. “ಬಾಗಲಲೆ ಒಯ್ದರ ಇಕಿ ಅಂಜತಾಳ. ಗ್ವಾಡಿ ಒಡದ್ರ ನೀ ಅಂಜತಿ. ನಾ ಏನ್ ಹೆಂಚ ತಗದು ಮ್ಯಾಲಿಂದ ಒಯ್ಲ್ಯಾ?”

ಹೆಂಚು ಎಂದಾಗ ಇಬ್ಬರೂ ಲಾಲಿಬಾಯಿಯ ಭಾಗದತ್ತ ನೋಡಿದರು. ಆಮೇಲೆ ಸುಮಲತಾ ಹಿಂದಿನ ಕೋಣೆಗೆ ಹೋದಳು. ಅಲ್ಲಿ ಹಿತ್ತಲಿಗೆ ತೆರೆಯುವ ಒಂದು ಕಿಟಕಿಯಿತ್ತು. ಕಬ್ಬಿಣದ ಸರಳಿನ ಜಾಲರಿಯನ್ನು ಮರದ ಚೌಕಟ್ಟಿಗೆ ಎಂಟು ತಿರುಪುಗಳಿಂದ ಕೂರಿಸಲಾಗಿತ್ತು. ಗೋಡೆಗೂ ಜಾಲರಿಗೂ ಸಂಬಂಧವಿರಲಿಲ್ಲ.

“ಅಯ್ನೋರ,” ಒಳಗಿನಿಂದಲೇ ಕೇಳಿದಳು, “ಬಾಗಲಾ ಆಗಬಾರದು ಅಷ್ಟ ಹೌದಲ್ರಿ? ಖಿಡಕಿ ಆದ್ರ?”

ಶಂಕರಲಿಂಗಯ್ಯ ಬಂದು ನೋಡಿದರು. “ಮನಷ್ಯಾರು ಅಡ್ಡಾಡೂ ದಾರಿ ಆಗಿರಬಾರದು. ಇದರಾಗ ಯಾರರ ಅಡ್ಡಾಡ್ಯಾರೇನು?”

“ನಮ್ಮ ಬೆಕ್ಕ ಅಡ್ಡಾಡತೈತ್ರಿ,” ಎಂದಳು ಖಾತುನ.

“ಬೆಕ್ಕಿಗೆ ಪಂಚಕ ಇಲ್ಲ ತಗೋರಿ.” ಅಯ್ಯನವರು ಹೊರಗೆ ಮುಖಮಾಡಿ, “ಏನವಾ ಪೂಜಾ, ಖಿಡಕಿ ನಡೀತೈತಿ. ನಿನ್ನ ಮನಸ್ಸಿಗೆ ಸಮಾಧಾನ ಆಕ್ಕೈತೇನು?” ಎಂದರು.

ಪೂಜಾ ಹಿತ್ತಲ ಕಡೆಯಿಂದ ಬಂದು ಕಿಟಕಿಯನ್ನು ಬಹಳ ಹೊತ್ತು ನೋಡಿದಳು. “ಬಾಗಲಲೆ ಅಲ್ಲಂದ್ರ ಸಾಕ್ರಿ,” ಎಂದಳು. “ಖರೇ, ಹಿಡಸ್ತಾರೇನು?”

ಅದು ಯಾರಿಗೂ ಗೊತ್ತಿರಲಿಲ್ಲ. ಸುಮಲತಾ ಅಳತೆಯ ಟೇಪು ತಂದಳು. ಚೌಕಟ್ಟಿನ ಒಳಗಿನ ಅಗಲ ಅರವತ್ತೊಂದು ಸೆಂಟಿಮೀಟರ್, ಎತ್ತರ ನೂರಾ ಆರು. ನಂತರ ತಂದೆಯ ಮುಂದೆ ಮಂಡಿಯೂರಿ ಟೇಪಿನ ತುದಿಯನ್ನು ಅವನ ಬಲ ಮೊಣಕಾಲಿಗೆ ಹಿಡಿದಳು.

“ಏನಿದು, ಹೆಣಾ ಅಳೀತಾರೇನವಾ?” ಎಂದ ಅಪ್ಪಾಸಾಬ. ಆದರೆ ಬಗ್ಗಿ, ಟೇಪಿನ ಇನ್ನೊಂದು ತುದಿಯನ್ನು ಎಡ ಮೊಣಕಾಲಿಗೆ ಅವನೇ ಹಿಡಿದ.

ಮೊಣಕಾಲಿನಿಂದ ಮೊಣಕಾಲಿಗೆ ಅರವತ್ತೇಳು. ಆರು ಸೆಂಟಿಮೀಟರ್ ಹೆಚ್ಚು. ಸೆಟೆದ ಕಾಲನ್ನು ಈಗ ಇನ್ನಷ್ಟು ಒತ್ತಿ ಮಡಚಲಾಗದು. ಸುಮಲತಾ ಬೆನ್ನಿನಿಂದ ಮುಂಗಾಲಿನವರೆಗೆ ಅಳೆದಳು: ನಲವತ್ತೆಂಟು. ನೆಲದಿಂದ ನೆತ್ತಿಗೆ ಎಂಬತ್ತನಾಲ್ಕು.

“ಅಡ್ಡ ತಿರಗಿಸಿದ್ರ ಹೋಗತಾರ,” ಎಂದಳು. “ಒಂದೊಂದ ಕಡೆ ಆರೂವರಿ ಉಳೀತೈತಿ. ಕೈ ಹಿಡ್ಯಾಕ ಸಾಕು.”

ತಿರುಪುಗಳಲ್ಲಿ ಏಳು ಎಣ್ಣೆ ಬಿಟ್ಟ ಮೇಲೆ ಬಂದವು. ಎಂಟನೆಯದು ತುಕ್ಕಿಗೆ ಕಚ್ಚಿಕೊಂಡಿತ್ತು. ಹನ್ನೊಂದಾಯಿತು. ಹೊರಗೆ ಗಾಡಿಯ ಡ್ರೈವರ್ ಹಾರ್ನ್ ಒತ್ತಿದ. “ಎಳೆದುಬಿಡಿ, ಚೌಕಟ್ಟು ಬಂದರೆ ಬರಲಿ,” ಎಂದ ಶಾಂಬಾ ಕಿಟಕಿಯ ಆಚೆಯಿಂದ. ಸೋಮನಾಥ ಎಳೆಯಲು ಕೈ ಹಾಕಿದ. ಸುಮಲತಾ ಅವನ ಕೈ ಸರಿಸಿ, ಬೆಸುಗೆಯ ಕಡ್ಡಿಯನ್ನು ಕಾಯಿಸಿ, ತಿರುಪಿನ ತಲೆಗೆ ಒತ್ತಿ ಹಿಡಿದು ನಿಂತಳು. ಕಾದ ಕಬ್ಬಿಣ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ನಡುವೆ ತುಕ್ಕು ಬಿರಿಯಬೇಕು. ಎಂಟು ನಿಮಿಷಕ್ಕೆ ಮರ ಸುಟ್ಟ ವಾಸನೆ ಬಂತು. ಒಂಬತ್ತನೆಯ ನಿಮಿಷಕ್ಕೆ ತಿರುಪು ಕಿರುಗುಟ್ಟಿ ತಿರುಗಿತು.

*

ಒಳಗೆ ಸುಮಲತಾ ಮತ್ತು ಶಂಕರಲಿಂಗಯ್ಯ, ಹೊರಗೆ ಸೋಮನಾಥ ಮತ್ತು ಅಪ್ಪಾಸಾಬ. ಅಯ್ಯನವರ ಬಾಯಲ್ಲಿ ಮಂತ್ರ ನಡೆದಿತ್ತು. ಗುರುಪಾದಪ್ಪನನ್ನು ಅಡ್ಡ ತಿರುಗಿಸಿ ಎತ್ತಿ, ಮೊದಲು ಎಡ ಮೊಣಕಾಲನ್ನು ಹೊರಗೆ ದಾಟಿಸಿದರು.

“ಸಾವಕಾಶ. ಸೊಂಟಾ ಹಿಡೀರಿ. ಇನ್ನ ಸ್ವಲ್ಪ ಮ್ಯಾಲೆ.”

“ಹಗರ ಅದಾನವಾ ನಿಮ್ಮಪ್ಪ,” ಎಂದ ಅಪ್ಪಾಸಾಬ ಏದುತ್ತ.

ಹೆಗಲು ದಾಟಿತು. ಬಲ ಮೊಣಕಾಲು ದಾಟಿತು. ಹೊರಗಿನವರು ಹಿಡಿತ ಸರಿಮಾಡಿಕೊಳ್ಳಲು ಅವನನ್ನು ತಿರುಗಿಸಿದಾಗ ಒಂದು ಕ್ಷಣ ಗುರುಪಾದಪ್ಪ ಮನೆಯ ಕಡೆಗೆ ಮುಖಮಾಡಿ ಕೂತಂತಾಯಿತು. ಹಿಂದೆ ಸರಿದ ಸೋಮನಾಥನ ಕಾಲು ಗೋಡೆಗೆ ಒರಗಿಸಿಟ್ಟಿದ್ದ ಜಾಲರಿಗೆ ತಾಗಿತು. ಜಾಲರಿ ಜಾರಿ, ಅದರ ಮೂಲೆ ಗೋಡೆಯನ್ನು ಕೆರೆದು ಬಿತ್ತು.

ಸದ್ದು ದೊಡ್ಡದಾಗಿರಲಿಲ್ಲ. ಸೂಪರ್‌ವೈಸರ್ ಬಗ್ಗಿ, ಮೊಬೈಲನ್ನು ಗೋಡೆಗೆ ತೀರ ಹತ್ತಿರ ಹಿಡಿದು, ಮೂರು ಫೋಟೋ ತೆಗೆದ. ಶಾಂಬಾ ಹೆಣದ ಹಿಂದೆ ಕೈಮುಗಿದುಕೊಂಡು ಗಾಡಿಯವರೆಗೆ ನಡೆದ.

“ನೀ ಬರೂದಿಲ್ಲೇನ?” ಸೋಮನಾಥ ಕಿಟಕಿಯ ಹತ್ತಿರ ಬಂದು ಕೇಳಿದ. ಉತ್ತರ ಅವನಿಗೂ ಗೊತ್ತಿತ್ತು: ಲಾಲಿಬಾಯಿ ಮನೆ ಬಿಟ್ಟು ಹೋಗಿದ್ದು ಹತ್ತೇ ದಿನ.

“ಮಣ್ಣ ಹಾಕೂಮುಂದ ನಂದೊಂದ ಹಿಡಿ ಹಾಕು.”

“ಹಾಕ್ತೀನಿ.”

ಗಾಡಿ ಹನ್ನೊಂದು ಐವತ್ತಕ್ಕೆ ಹೊರಟಿತು. ಅದರ ಸದ್ದು ರೈಲ್ವೆ ಗೇಟಿನ ಆಚೆ ಅಡಗುವವರೆಗೆ ಸುಮಲತಾ ಕಿಟಕಿಯ ಒಳಗೇ ನಿಂತಿದ್ದಳು. ಮುಂಬಾಗಿಲಲ್ಲಿ ಹೆಜ್ಜೆ ಕೇಳಿತು. ಪೂಜಾ ಹೊಸ್ತಿಲ ಮೇಲೆ ಬಲಗಾಲು ಇಟ್ಟು, ತುಸು ತಡೆದು, ಒಳಗೆ ಬಂದಳು.

“ಘಟ್ಟದಾಗ ಕುಲುಕಾಟ ಆಕ್ಕೈತಿ, ಬ್ಯಾಡ ಅಂದ್ರು,” ಎಂದಳು. “ನಾ ಇಲ್ಲೇ ಇರತೀನ್ರಿ ಅಕ್ಕಾ, ಅವರು ಬರೂ ತನಕ.” ತಕ್ಕಡಿಗಳ ನಡುವೆ ಜಾಗ ಮಾಡಿಕೊಂಡು, ಗೋಡೆ ಹಿಡಿದು ಕೆಳಗೆ ಕೂತಳು. ಖಾತುನ ಅವಳಿಗೆ ಚಹಾ ತರಲು ಹೋದಳು.

ಸುಮಲತಾ ಹಿತ್ತಲಿಗೆ ಹೋದಳು. ಜಾಲರಿ ಬಿಚ್ಚುವ ಮೊದಲು ವಕೀಲೆಗೆ ಒಂದು ಸಾಲು ಬರೆದು ತಿಳಿಸಿದ್ದಳು. ಈಗ ಫೋನಿನಲ್ಲಿ ಅವರ ಪ್ರಶ್ನೆ ಬಂದು ಕೂತಿತ್ತು: ಕಟ್ಟಡಕ್ಕೆ ಏನಾದರೂ ಆಯಿತೇ? ಸೂಪರ್‌ವೈಸರ್ ತೆಗೆದ ಫೋಟೋದಲ್ಲಿ ಗಾತ್ರ ತಿಳಿಯಲು ಪಕ್ಕದಲ್ಲಿ ಏನೂ ಇರಲಿಲ್ಲ. ಅಷ್ಟು ಹತ್ತಿರದಿಂದ ಅದು ಎಷ್ಟು ದೊಡ್ಡದಾಗಿಯೂ ಕಾಣಬಹುದು. ಅವಳು ಗಾರೆ ಕಿತ್ತ ಜಾಗಕ್ಕೆ ಉಕ್ಕಿನ ಅಳತೆಪಟ್ಟಿಯನ್ನು ತಾಗಿಸಿ ಹಿಡಿದು, ನೆರಳು ಬೀಳದಂತೆ ಸರಿದು, ಫೋಟೋ ತೆಗೆದಳು. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ಅಳೆದಳು. ನಂತರ ಬರೆದಳು: ಹೌದು, ಹಿಂದಿನ ಗೋಡೆಯ ಗಾರೆ ಒಂದು ಕಡೆ ಕಿತ್ತಿದೆ. ಉದ್ದ ಹನ್ನೊಂದು ಮಿಲಿಮೀಟರ್, ಆಳ ಎರಡು.